ಉದುರಬೇಕಾದ ಮಿಡಿ

ನಮ್ಮೂರಲ್ಲಿ ಸಂಜೆಯಾದರೆ ಹೊರಗಿನಿಂದ ಬಂದವರೆಲ್ಲ ಮಾಳಿಗೆ ಹತ್ತುತ್ತಾರೆ. ಹೊರಗಿನಿಂದ ಬಂದವರು ಎಂದರೆ ಸೊಸೆಯರು, ಮನೆವಾಳ್ತನಕ್ಕೆ ಬಂದ ಅಳಿಯಂದಿರು. ಸೋರೆಯ ಬಿಳಿ ಹೂವು ಅರಳುವುದು ಆ ಹೊತ್ತಿಗೇ. ಒಂದೊಂದು ಮಾಳಿಗೆಯ ಮೇಲೂ ಆ ಮನೆಯದೇ ಒಂದು ಬಳ್ಳಿ ಹಬ್ಬಿರುತ್ತದೆ. ಜೇನು, ದುಂಬಿ, ಪತಂಗ ಯಾವುವೂ ನಮ್ಮ ಕಡೆ ಸುಳಿಯುವುದಿಲ್ಲ. ಕಲ್ಲುಗುಡ್ಡದ ಆಚೆಯಿಂದಲೇ ತಿರುಗಿ ಹೋಗುತ್ತವೆ. ಆದ್ದರಿಂದ ಗಂಡುಹೂವಿನ ಪುಡಿಯನ್ನು ಬೆರಳಲ್ಲಿ ತೆಗೆದು ಹೆಣ್ಣುಹೂವಿಗೆ ನಾವೇ ಮುಟ್ಟಿಸಬೇಕು. ಮುಟ್ಟಿಸುವ ಕೈ ಆ ಮನೆಯಲ್ಲಿ ಹುಟ್ಟಿದ್ದಾಗಿರಬಾರದು. ಮನೆಯಲ್ಲಿ ಹುಟ್ಟಿದವರು ಮುಟ್ಟಿಸಿದರೆ ಪುಡಿ ಮೊಳೆಯುವುದಿಲ್ಲ. ಹೂವಿನ ಬುಡದಲ್ಲಿರುವ ಮಿಡಿ ಎರಡು ದಿನ ಹಸಿರಾಗಿದ್ದು, ಆಮೇಲೆ ಹಳದಿಗೆ ತಿರುಗಿ, ತೊಟ್ಟು ಕಳಚಿಕೊಂಡು ಉದುರುತ್ತದೆ.

ನಾನು ಗುಡ್ಡದ ಆಚೆಯವಳು. ನನ್ನನ್ನು ನೋಡಲು ಬಂದಾಗ ಅತ್ತೆ ದ್ಯಾವಮ್ಮ ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ನನ್ನ ಬೆರಳುಗಳನ್ನು ನೋಡಿದ್ದರು. ಅಡುಗೆಯ ಬಗ್ಗೆ ಕೇಳಲಿಲ್ಲ, ಹಾಡು ಹೇಳಿಸಲಿಲ್ಲ. "ಏಣಿ ಹತ್ತಕ್ಕೆ ಭಯ ಆಯ್ತದಾ ಮಗ?" ಎಂದರು. ಇಲ್ಲ ಎಂದೆ. ಅಷ್ಟಕ್ಕೇ ಮಾತು ಮುಗಿಯಿತು. ಆಗಲೇ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು, ಗಂಡುಹೂವು ಯಾವುದು ಹೆಣ್ಣುಹೂವು ಯಾವುದು ಎಂದು ತಡವಿ ತಿಳಿಯಬೇಕಾಗಿತ್ತು. ಅವರ ಮಗ, ನನ್ನ ಗಂಡ ನಂಜುಂಡಿ, ಜರಡಿ ಹೆಣೆಯುವವರು. ಕೂದಲೆಳೆಯಂಥ ತಂತಿಯನ್ನು ಕಣ್ಣುಮುಚ್ಚಿ ನೇಯುವ ಬೆರಳು ಅವರದು, ಆದರೆ ಸ್ವಂತ ಮಾಳಿಗೆಯ ಮೇಲೆ ಆ ಬೆರಳಿಗೆ ಕೆಲಸವಿಲ್ಲ. ಪಕ್ಕದ ಮನೆಯ ಲಕುಮಕ್ಕನಿಗೆ ಮಂಡಿನೋವು ಬಂದ ದಿನ ಇವರೇ ಹೋಗಿ ಅವರ ಬಳ್ಳಿಗೆ ಪುಡಿ ಮುಟ್ಟಿಸಿ ಬರುತ್ತಿದ್ದರು. ಅಲ್ಲಿ ಕಾಯಿ ಗೊಂಚಲುಗೊಂಚಲಾಗಿ ಇಳಿಯುತ್ತಿತ್ತು. "ನಮ್ ಮಾಳ್ಗೆ ಮೇಲೆ ದಂಡಪಿಂಡ, ಲಕುಮಿ ಮಾಳ್ಗೆ ಮೇಲೆ ದೊಡ್ಡ ಭೂಪ" ಎಂದು ಅತ್ತೆ ಮಗನನ್ನು ಆಡಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆಯೇ ಹೆಚ್ಚು. ತನ್ನ ಮನೆಯ ಹೂವು ತನ್ನ ಮಗನ ಕೈಯನ್ನು ಒಲ್ಲೆ ಎನ್ನುವುದು ಇಲ್ಲಿ ತಾಯಿಗೆ ಸಿಗುವ ದೊಡ್ಡ ಮರ್ಯಾದೆ.

ಅದಕ್ಕೆಂದೇ ಇಲ್ಲೊಂದು ಶಾಸ್ತ್ರವಿದೆ, ಕೈ ತೋರಿಸುವುದು ಎನ್ನುತ್ತಾರೆ. ಮಗುವಿನ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬಂದ ವರ್ಷ, ಬಳ್ಳಿ ಮೊದಲ ಹೂ ಬಿಡುವಾಗ, ಕೇರಿಯವರನ್ನು ಕರೆದು ಮಗುವಿನ ಕೈಯಿಂದ ಒಂದು ಹೆಣ್ಣುಹೂವಿಗೆ ಪುಡಿ ಮುಟ್ಟಿಸುತ್ತಾರೆ. ಆ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ಮಿಡಿ ಉದುರಿದ ದಿನ ಪಾಯಸ. ಉದುರಿದ ಮಿಡಿಯನ್ನು ಒಣಗಿಸಿ ಬಾಗಿಲವಾಡದ ಮೇಲಿನ ಸರಕ್ಕೆ ಪೋಣಿಸುತ್ತಾರೆ. ನಮ್ಮ ಬಾಗಿಲ ಮೇಲೆ ನಂಜುಂಡಿಯವರದು, ಅವರ ಅಕ್ಕಂದಿರದು, ಅವರ ಅಪ್ಪನದು, ಹೀಗೆ ಮಿಡಿಗಳು ಸುಕ್ಕುಗಟ್ಟಿ ಗಜ್ಜುಗದ ಹಾಗೆ ಗಟ್ಟಿಯಾಗಿ ತೂಗುತ್ತಿವೆ. ಗಾಳಿ ಬಂದರೆ ಸಣ್ಣಗೆ ಸದ್ದು ಮಾಡುತ್ತವೆ. ಕಾಯಿ ಕಚ್ಚಿದರೆ ಪಲ್ಯಕ್ಕಾಯಿತು, ಬುರುಡೆಗಾಯಿತು. ಉದುರಿದರೆ ಮಾತ್ರ ಮಗು ಮನೆಯದು.

ನಮ್ಮ ಜಾಜಿ ಈ ಮನೆಯಲ್ಲಿ ಹುಟ್ಟಿದವಳಲ್ಲ. ನೀರಿನ ತೊಟ್ಟಿ ಕಟ್ಟಲು ಬಂದಿದ್ದ ಗಾರೆಯವರ ಮಗು ಅವಳು. ತಾಯಿ ಜ್ವರದಲ್ಲಿ ತೀರಿಕೊಂಡಳು. ತಂದೆ ಮುಂದಿನ ಊರಿನ ಕೆಲಸಕ್ಕೆ ಹೋಗುವಾಗ, ನಮಗೆ ಮಕ್ಕಳಿಲ್ಲವೆಂದು ಕೇಳಿ ತಿಳಿದು, ಮಗುವನ್ನು ತಂದು ನಮ್ಮ ಜಗಲಿಯ ಮೇಲೆ ಬಿಟ್ಟು ಕೈಮುಗಿದು ನಿಂತ. ಅವಳು ಅವನ ಕಡೆ ತಿರುಗಿಯೂ ನೋಡದೆ ಹೊಸ್ತಿಲು ದಾಟಿ ಅಂಬೆಗಾಲಿಟ್ಟು ಒಳಗೆ ಬಂದು ಜರಡಿಯ ತಂತಿ ಹಿಡಿದುಕೊಂಡಳು. ಇದನ್ನೆಲ್ಲ ನಾವು ಅವಳಿಂದ ಮುಚ್ಚಿಟ್ಟಿಲ್ಲ. ಮುಚ್ಚಿಡಲು ಈ ಊರಿನಲ್ಲಿ ಆಗುವುದೂ ಇಲ್ಲ.

ಹೊರಗಿನಿಂದ ಬಂದ ಮಕ್ಕಳಿಗೆ ಕೈ ತೋರಿಸುವ ಶಾಸ್ತ್ರ ಮಾಡುವುದಿಲ್ಲ. ಯಾರೂ ಬೇಡವೆಂದು ಹೇಳುವುದಿಲ್ಲ, ಸುಮ್ಮನೆ ಆ ವರ್ಷವನ್ನು ದಾಟಿಸಿಬಿಡುತ್ತಾರೆ. ನಾನೂ ಹಾಗೇ ದಾಟಿಸಬೇಕೆಂದಿದ್ದೆ. ಆದರೆ ಈ ಸಲ ಲಕುಮಕ್ಕನ ಮೊಮ್ಮಗಳು ಸಾವಂತ್ರಿಯ ಕೈ ತೋರಿಸಿದರು. ಮಿಡಿ ಉದುರಿತು, ಕೇರಿಗೆಲ್ಲ ಪಾಯಸ ಹಂಚಿದರು. ಜಾಜಿ ಪಾಯಸದ ಲೋಟ ಹಿಡಿದುಕೊಂಡೇ ಒಳಗೆ ಬಂದಳು.

"ಅಮ್ಮ, ನಂಗ್ಯಾವಾಗ?"

ನಾನು ಅಕ್ಕಿ ಆರಿಸುತ್ತಿದ್ದೆ. "ಏನು ಯಾವಾಗ?"

"ಗೊತ್ತಿಲ್ದೋಳ ಥರ ಆಡ್ಬೇಡ. ನನ್ ಹಲ್ಲೂ ಎಲ್ಲಾ ಬಂದದೆ, ನೋಡು." ಬಾಯಿ ತೆರೆದು ತೋರಿಸಿದಳು. "ಸಾವಂತ್ರಿ ಅಂತಾಳೆ, ನಿನ್ ಕೈಗೆ ಕಾಯಿ ಕಚ್ತದೆ, ಅದಕ್ಕೇ ನಿಮ್ಮೋರು ತೋರ್ಸಲ್ಲ ಅಂತ."

ನಂಜುಂಡಿ ತಂತಿ ಬಿಟ್ಟು ತಲೆಯೆತ್ತಿದರು. "ಬ್ಯಾಡ ಕಣವ್ವ. ಎಲ್ರಿಗೂ ಗೊತ್ತಿರೋ ವಿಷಯ. ಹತ್ತು ಜನರ ಎದುರಿಗೆ ಯಾಕೆ ಬೇಕು?"

"ಎಲ್ರಿಗೂ ಏನ್ ಗೊತ್ತು? ಇನ್ನೂ ಮುಟ್ಸೇ ಇಲ್ವಲ್ಲ!"

ಮೂಲೆಯಲ್ಲಿ ಕೂತಿದ್ದ ಅತ್ತೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಕೇಳ್ತಾವಳೆ, ತೋರ್ಸಲಿ ಬಿಡ್ರಿ. ಹೂವೇನು ಹುಲಿನಾ?"

ಅವರು ಹಾಗೆಂದ ಮೇಲೆ ನಮಗೆ ಮಾತಿಲ್ಲ. ಬರುವ ವಾರವೇ ಎಂದು ದಿನ ನಿಗದಿಯಾಯಿತು. ಜಾಜಿ ಅಂದಿನಿಂದ ಲೆಕ್ಕವಿಲ್ಲದಷ್ಟು ಸಲ ನನ್ನ ಬಳಿ ಬಂದು ಅದೇ ಮಾತು ಬೇರೆ ಬೇರೆ ಥರ ಕೇಳಿದಳು. ನಾನು ಈ ಮನೆ ಅನ್ನ ತಾನೇ ತಿನ್ನೋದು? ನಂಗೂ ಅಪ್ಪನ ಥರ ಎಡಗೈಲಿ ಮೊದಲ ತುತ್ತು ಎತ್ತೋ ಅಭ್ಯಾಸ ಇಲ್ವಾ? ಅಜ್ಜಿ ಥರಾನೇ ಸೀನ್ತೀನಲ್ವಾ ನಾನು? ನಾನು ಹೂಂ, ಹೂಂ ಎನ್ನುತ್ತಿದ್ದೆ. ಉದುರುತ್ತದೆ ಎಂದು ಒಂದು ಸಲವೂ ಹೇಳಲಾಗಲಿಲ್ಲ, ಉದುರುವುದಿಲ್ಲ ಎಂದೂ ಹೇಳಲಾಗಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ: ಅವಳು ಕೇರಿಯವರ ಎದುರು ನಿಂತು, ತನ್ನ ಬೆರಳಿಗೆ ಕಾಯಿ ಕಚ್ಚುವುದನ್ನು ನೋಡಿದರೆ, ಆಮೇಲೆ ನಮ್ಮ ಮನೆಯ ತಟ್ಟೆಯಲ್ಲಿ ನೆಂಟರ ಹಾಗೆ ಉಣ್ಣತೊಡಗುತ್ತಾಳೆ. ಅಂಥ ಮಗು ಅವಳು.

ಒಂದು ದಿನ ಶಾಲೆಯಿಂದ ಓಡಿ ಬಂದಳು. ಗುರುಪಾದಪ್ಪ ಮೇಷ್ಟ್ರು ಭೂತಗನ್ನಡಿಯಲ್ಲಿ ಹೂವಿನ ಪುಡಿ ತೋರಿಸಿದ್ದರಂತೆ. ನಾನು ಬಟ್ಟೆ ಜಾಲಿಸುತ್ತಿದ್ದೆ, ಅವಳು ಕಲ್ಲಿನ ಮೇಲೆ ಕೂತು ಹೇಳುತ್ತ ಹೋದಳು.

"ಅಮ್ಮ, ಒಂದೊಂದು ಕಣಾನೂ ಒಣಗಿದ ಬೀಜ ಇದ್ದಂಗೆ. ಅದರ ಮೈ ಮೇಲೆ ಗುರುತು ಇರ್ತದಂತೆ. ಅದು ಅದರ ಅಪ್ಪ ಅಮ್ಮನಿಂದ ಬಂದಿದ್ದಂತೆ. ಹೆಣ್ಣುಹೂವಿನ ತುದೀಲಿ ಕೂತಾಗ ಹೂವು ಆ ಗುರುತು ನೋಡ್ತದೆ. ಆಮೇಲೆ ಬೇಕು ಅನ್ಸಿದ್ರೆ ಮಾತ್ರ ನೀರು ಕೊಡ್ತದೆ. ನೀರು ಸಿಕ್ರೆ ದಾರದಂಗೆ ಒಂದು ಮೊಳಕೆ ಹೊರಡ್ತದೆ, ಕೆಳಗಿನ ಮಿಡಿವರೆಗೂ ಇಳೀತದೆ."

"ಬೇಡ ಅನ್ಸಿದ್ರೆ?"

"ನೀರು ಕೊಡಲ್ಲ. ಹಂಗೇ ಮಲಗಿರ್ತದೆ. ಇನ್ನೂ ಒಂದು ಗೊತ್ತಾ? ಗಂಡುಹೂವಲ್ಲಿ ಇರೋವಾಗ್ಲೇ ಅದು ಯಾಕೆ ಮೊಳೆಯಲ್ಲ ಅಂತ ನಾನೇ ಎದ್ದು ಕೇಳ್ದೆ. ತಡಿ, ಇನ್ನೂ ತಡಿ ಅಂತ ಅದರೊಳಗೇ ಹೇಳಿಟ್ಟಿರ್ತದಂತೆ. ಕೆಲವಕ್ಕೆ ಆ ತಡಿ ಅನ್ನೋದೇ ಇರಲ್ಲ. ಹುಟ್ಟಿದ ಜಾಗದಲ್ಲೇ ಮೊಳೆತು ಒಣಗಿ ಹೋಯ್ತವೆ, ಪಾಪ."

"ಕೈಯದು ಏನಂದ್ರು ಮೇಷ್ಟ್ರು? ಮುಟ್ಟೋರ ಕೈಗೂ ಪುಡಿಗೂ ಏನು ಸಂಬಂಧ?"

"ಅದು ಯಾವ ಪುಸ್ತಕದಲ್ಲೂ ಇಲ್ವಂತೆ. 'ನಮ್ಮನೆ ಬಳ್ಳಿಗೆ ನಮ್ಮ ಅಳಿಯನೇ ಗತಿ ಕಣ್ರೋ, ಅವನು ಮುನಿಸಿಕೊಂಡ ವಾರ ನಮಗೆ ಪಲ್ಯ ಇಲ್ಲ' ಅಂದ್ರು. ಎಲ್ಲಾರೂ ನಕ್ಕರು." ಅವಳು ನಗಲಿಲ್ಲ. ಬಕೆಟ್ಟಿನ ನೀರಿನಲ್ಲಿ ಬೆರಳದ್ದಿ ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದಳು. "ಸಕ್ಕರೆ ನೀರಲ್ಲಿ ಹಾಕಿದ್ರೆ ಗಾಜಿನ ಮೇಲೇ ಮೊಳೀತದೆ. ಬರೀ ನೀರಲ್ಲಿ ಹಾಕಿದ್ರೆ ಕುಡಿದೂ ಕುಡಿದೂ ಪಟ್ ಅಂತ ಒಡೆದು ಹೋಯ್ತದೆ. ನಾನೇ ನೋಡ್ದೆ."

ನಿಗದಿಯಾದ ಸಂಜೆ ಬಂತು. ಲಕುಮಕ್ಕ, ಸಾವಂತ್ರಿ, ಕೇರಿಯ ಏಳೆಂಟು ಮಂದಿ ಮಾಳಿಗೆಯ ಮೇಲೆ ಸೇರಿದ್ದರು. ಅತ್ತೆಯನ್ನು ನಂಜುಂಡಿ ಹಿಂದಿನಿಂದ ಒತ್ತುಕೊಟ್ಟು ಹತ್ತಿಸಿದರು. ಜಾಜಿಗೆ ನನ್ನ ಹಳೆಯ ರೇಷ್ಮೆ ಸೀರೆಯ ಲಂಗ ಹೊಲಿಸಿದ್ದೆ. ಹೂವುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಎಲ್ಲರೂ ಯಾವ ಹೂವು ಒಳ್ಳೆಯದೆಂದು ಆರಿಸುತ್ತಿರುವಾಗ ನಾನು ಬಂದವರಿಗೆ ನೀರು ಬಗ್ಗಿಸಲು ಹಿಂದಕ್ಕೆ ತಿರುಗಿದೆ. ಜಾಜಿ ಚೊಂಬಿನ ಪಕ್ಕ ನಿಂತಿದ್ದಳು. ಬಲಗೈಯ ಎರಡು ಬೆರಳನ್ನು ಗೆಣ್ಣಿನವರೆಗೂ ನೀರಿಗೆ ಅದ್ದಿದಳು. ಒರೆಸಿಕೊಳ್ಳದೆ, ಲಂಗಕ್ಕೆ ತಾಗದ ಹಾಗೆ ದೂರ ಹಿಡಿದು, ಗಂಡುಹೂವಿನ ಕಡೆ ನಡೆದಳು.

ಬರೀ ನೀರು ಕುಡಿದರೆ ಪುಡಿ ಒಡೆಯುತ್ತದೆ ಎಂದು ಅವಳೇ ಹೇಳಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೈ ಒರೆಸಿಕೋ ಮಗಳೇ ಎಂದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನಾನು ಚೊಂಬು ಎತ್ತಿಕೊಂಡು ಲಕುಮಕ್ಕನಿಗೆ ನೀರು ಕೊಟ್ಟೆ.

ಮಿಡಿ ಉದುರಿತು. ಕೆಂಪು ದಾರದ ಸಮೇತ ಉದುರಿ ಮಾಳಿಗೆಯ ಗಚ್ಚಿನ ಮೇಲೆ ಬಿದ್ದಿತ್ತು. ನಂಜುಂಡಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಇಳಿದು ಬಂದರು. ಅದನ್ನು ಅವ್ವನ ಕೈಗೆ ಹಾಕಿ, ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡರು. ಲಕುಮಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಅಯ್ಯಯ್ಯೋ, ಕೇಳಿದ್ರೇನ್ರೇ! ಉಂಡ ಅನ್ನಾನೇ ರಕ್ತ ಆಗ್ಬುಟ್ಟದೆ! ಹೂವು ಗುರುತು ಹಿಡಿದದೆ!" ಪಾಯಸ ಮಾಡಿದೆ. ಸಾವಂತ್ರಿ ಮೂರು ಲೋಟ ಕುಡಿದು, "ಆಯ್ತು ಬಿಡೇ, ನಾನಂದಿದ್ದು ವಾಪಸ್" ಎಂದಳು. ಜಾಜಿ ತನ್ನ ಲೋಟವನ್ನು ಕೆನೆ ಕಟ್ಟುವವರೆಗೂ ಹಾಗೇ ಹಿಡಿದು ಕೂತಿದ್ದಳು.

ನಾನು ಅಂದುಕೊಂಡಿದ್ದೆ, ಅವಳಿಗೆ ಬೇಕಾದದ್ದು ಸಿಕ್ಕಿತು, ಇನ್ನು ನಲಿಯುತ್ತಾಳೆ ಎಂದು. ಅವಳು ಬಾಗಿಲು ದಾಟುವಾಗ ತಲೆ ಬಗ್ಗಿಸಿಕೊಂಡು ದಾಟತೊಡಗಿದಳು. ಮಿಡಿಗಳ ಸರವನ್ನು ನೋಡುತ್ತಿರಲಿಲ್ಲ. ಅಜ್ಜಿ "ನಮ್ ಬೀಜ" ಎಂದು ಕೆನ್ನೆ ತಟ್ಟಿದರೆ ಕೊಸರಿಕೊಂಡು ಹೋಗುತ್ತಿದ್ದಳು. ನಂಜುಂಡಿ ಅವಳಿಗೆಂದೇ ಒಂದು ಪುಟ್ಟ ಜರಡಿ ಹೆಣೆದು ಕೊಟ್ಟರೆ ಮುಟ್ಟಲಿಲ್ಲ.

ಆಮೇಲೆ ಮೇಲ್ಕೇರಿಯಿಂದ ಗಂಡಹೆಂಡತಿ ಬಂದರು, ತಾವು ಸಾಕಿಕೊಂಡ ಹುಡುಗಿಯನ್ನು ಕರೆದುಕೊಂಡು. ಮಗುವಿಗೆ ಇನ್ನೂ ಎರಡು ಹಲ್ಲು ಬರಬೇಕಿತ್ತು. ಹೆಂಡತಿ ಜಾಜಿಯ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮದು ಕೇಳಿದ ಮೇಲೆ ನಮಗೂ ಧೈರ್ಯ ಬಂತು ಕಣಕ್ಕ. ಬರೋ ವರ್ಷ ಇವಳದೂ ತೋರಿಸ್ತೀವಿ. ಕೇರಿಯವರನ್ನೆಲ್ಲ ಕರೀತೀವಿ." ಆ ಪುಟ್ಟಿ ಜಾಜಿಯ ಬೆರಳುಗಳನ್ನೇ ನೋಡುತ್ತ ಕೇಳಿತು, "ಅಕ್ಕ, ನಂದೂ ಉದುರ್ತದಾ?"

ಜಾಜಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಅವರು ಹೋದ ಮೇಲೆ ನಾನು ರೊಟ್ಟಿ ತಟ್ಟಲು ಕೂತೆ. ಅವಳು ಬಂದು ನನ್ನ ಬೆನ್ನಿಗೆ ಬೆನ್ನು ಒರಗಿಸಿ ಕೂತಳು. ಮುಖ ಕಾಣದ ಹಾಗೆ.

"ಅಮ್ಮ, ನಾನು ಬೆರಳು ಒದ್ದೆ ಮಾಡ್ಕೊಂಡಿದ್ದೆ."

"ನೋಡ್ದೆ."

ಅವಳ ಬೆನ್ನು ಸೆಟೆಯಿತು. "ನೋಡ್ದ್ಯಾ? ಮತ್ಯಾಕೆ ಬೈಲಿಲ್ಲ?"

"ನಿಂಗೆ ಅದು ಎಷ್ಟು ಬೇಕಾಗಿತ್ತು ಅಂತ ಗೊತ್ತಿತ್ತಲ್ಲ."

ಅವಳು ಅಳಲಿಲ್ಲ. "ಒದ್ದೆ ಮಾಡ್ದೇ ಇದ್ದಿದ್ರೂ ಉದುರ್ತಿತ್ತೇನೋ. ಅಲ್ವಾ? ಈಗ ಅದು ಗೊತ್ತೇ ಆಗಲ್ಲ."

ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಅದನ್ನು ಮಗುಚಿ ಹಾಕಿದೆ. ಆಗ ನನಗೆ ತಿಳಿಯಿತು, ನಾನು ಸುಮ್ಮನಿದ್ದು ಅವಳಿಗೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ಕಾಯಿ ಕಚ್ಚಿದ್ದರೆ ಒಂದು ದಿನ ಅತ್ತು ಮುಗಿಯುತ್ತಿತ್ತು. ಈಗ ದಿನವೂ ಬಾಗಿಲು ದಾಟಬೇಕು.

"ಗೊತ್ತು ಮಾಡ್ಕೋಬೇಕು ಅಂದ್ರೆ ಹೂವೇನು ಮುಗಿದು ಹೋಗಿಲ್ಲ," ಎಂದೆ.

ಮರುದಿನ ಸಂಜೆ ನಾವಿಬ್ಬರೇ ಹತ್ತಿದೆವು. ಅವಳು ನನ್ನ ಸೆರಗಿನಲ್ಲಿ ಬೆರಳುಗಳನ್ನು ಚರ್ಮ ಕೆಂಪಾಗುವವರೆಗೂ ಒರೆಸಿಕೊಂಡಳು. ಮೂಲೆಯಲ್ಲಿ, ಎಲೆಯ ಮರೆಯಲ್ಲಿದ್ದ ಒಂದು ಹೆಣ್ಣುಹೂವನ್ನು ಆರಿಸಿದಳು. ಉಸಿರು ಬಿಗಿಹಿಡಿದು ಪುಡಿ ಮುಟ್ಟಿಸಿದಳು. ದಾರ ಕಟ್ಟಲಿಲ್ಲ. "ನೀನು ಬಂದು ಬಂದು ನೋಡ್ಬೇಡ," ಎಂದು ನನಗೇ ಕಟ್ಟಪ್ಪಣೆ ಮಾಡಿದಳು. ನಾನು ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಉಪ್ಪಿನಕಾಯಿಯ ಜಾಡಿ ಬಿಸಿಲಿಗಿಡುವ ನೆಪದಲ್ಲಿ ಹತ್ತಿದೆ, ಒಣಗಿದ ಬಟ್ಟೆ ತರುವ ನೆಪದಲ್ಲಿ ಹತ್ತಿದೆ. ಉದುರಲಿ, ಉದುರಲಿ ಎಂದು ನಾನು ಬೇಡಿಕೊಂಡಷ್ಟು ಈ ಊರಿನ ಯಾವ ಹೆತ್ತ ತಾಯಿಯೂ ಬೇಡಿಕೊಂಡಿರಲಾರಳು.

ಹೂವು ಬಾಡಿತು. ಮಿಡಿ ಮಾತ್ರ ತೊಟ್ಟು ಗಟ್ಟಿಮಾಡಿಕೊಂಡು ದಿನದಿನಕ್ಕೆ ತುಂಬಿಕೊಂಡಿತು. ಮೈಮೇಲೆ ಎಳೆ ರೋಮ ಮಿನುಗುತ್ತಿತ್ತು. ಅಷ್ಟು ಚೆಂದದ ಮಿಡಿ ನನ್ನ ಕೈಗೂ ಕಚ್ಚಿರಲಿಲ್ಲ.

ಒಂದು ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಅವಳು ಒಬ್ಬಳೇ ಹತ್ತಿದಳು. ಇಳಿದು ಬರದೇ ಇದ್ದಾಗ ನಾನು ಹೋದೆ. ಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಕಚ್ಚಿಬಿಡ್ತು," ಎಂದಳು. ಅಷ್ಟು ಹೇಳಿ ಮುಖ ಮಂಡಿಯಲ್ಲಿ ಹುದುಗಿಸಿದಳು.

ನಾನು ಪಕ್ಕದಲ್ಲಿ ಕೂತೆ. ತಲೆ ನೇವರಿಸಲು ಹೋದರೆ ಬೇಡವೆಂದು ಜರುಗಿದಳು. "ನನ್ನ ಕೈಗೂ ಕಚ್ತದೆ ಕಣೆ. ಮದುವೆಯಾದ ವರ್ಷದಿಂದ ಇವತ್ತಿನವರೆಗೂ. ಹಂಗಂತ ನಾನು ಈ ಮನೆಯೋಳಲ್ವಾ?"

"ನೀನು ಮದುವೆಯಾಗಿ ಬಂದೋಳು." ಮಂಡಿಯ ಸಂದಿಯಿಂದ ಮಾತು ಬಂತು. "ನಾನು ಯಾರಾಗಿ ಬಂದೆ?"

"ನಾನು ನಡ್ಕೊಂಡು ಬಂದೆ. ಬಾ ಬಾ ಅಂತ ಕರೆದ್ರು, ಸೇರು ಒದ್ದು ಒಳಗೆ ಬಂದೆ, ಮನಸ್ಸೆಲ್ಲ ತವರಲ್ಲೇ ಇತ್ತು. ನೀನು ಯಾರೂ ಕರೀದೆ ಅಂಬೆಗಾಲಲ್ಲಿ ಬಂದೋಳು. ತಿರುಗಿ ಕೂಡ ನೋಡ್ಲಿಲ್ಲ. ನಮ್ಮಿಬ್ಬರಲ್ಲಿ ಯಾರಿಗೆ ಈ ಮನೆ ಹೆಚ್ಚು ಬೇಕಾಗಿತ್ತು, ನೀನೇ ಹೇಳು."

ಅವಳು ಮಂಡಿಯಿಂದ ಮುಖ ಎತ್ತಿದಳು. ಕೈ ಚಾಚಿ ಮಿಡಿಯನ್ನು ಹಿಡಿದುಕೊಂಡಳು. ಕಿತ್ತುಬಿಡುತ್ತಾಳೆ ಎನಿಸಿತು. ಕಿತ್ತರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಅಷ್ಟರಲ್ಲಿ ಏಣಿ ಕಿರುಗುಟ್ಟಿತು. ಅತ್ತೆ. ಕಣ್ಣು ಕಾಣದ ಹೆಂಗಸು ಒಬ್ಬರೇ ಏಣಿ ಹತ್ತಿ ಬಂದಿದ್ದರು, ಮೊಮ್ಮಗಳು ಇನ್ನೂ ಶಾಲೆಗೆ ಹೋಗಿಲ್ಲವೆಂದು ಗೊಣಗುತ್ತ. ನಾನು ಓಡಿ ಹೋಗಿ ಕೈಹಿಡಿದು ತಂದೆ. ಅವರು ಬಳ್ಳಿಯನ್ನು ಹಳೆಯ ಅಭ್ಯಾಸದಂತೆ ತಡವುತ್ತ ಬಂದು ಆ ಮಿಡಿಯ ಮೇಲೆ ಬೆರಳಾಡಿಸಿದರು. ಜಾಜಿಯ ಕೈ ಅಲ್ಲೇ ಇತ್ತು.

"ಎಂಥಾ ಮಿಡಿನೇ ಇದು! ಬೆಣ್ಣೆ ಇದ್ದಂಗದೆ. ಯಾರ ಕೈದು?"

ನನ್ನದು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಜಾಜಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ನಂದಜ್ಜಿ. ಅವತ್ತು ಬೆರಳು ಒದ್ದೆ ಮಾಡ್ಕೊಂಡಿದ್ದೆ. ಇದು ಒಣಗಿದ ಬೆರಳಿಂದು."

ಅತ್ತೆ ತಡವುವುದನ್ನು ನಿಲ್ಲಿಸಿದರು. ಕೆಳಗೆ ನಂಜುಂಡಿಯವರು ಜರಡಿಯ ಅಂಚಿಗೆ ಮೊಳೆ ಬಡಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು.

"ಒಣಗಿದ ಬೆರಳಿಗೆ ಇಷ್ಟು ಚೆಂದದ್ದು ಕಚ್ತಾ?" ಎಂದರು. "ಅಲ್ಲ ಕಣೇ, ಮತ್ತೆ ಇಷ್ಟು ದಿನ ಸುಮ್ನೆ ತಿಂದ್ಕೊಂಡು ಕೂತಿದ್ಯಾ? ನಿಮ್ಮಮ್ಮ ಸಂಜೆ ಆದ್ರೆ ಒಲೆ ನೋಡ್ಲಾ ಬಳ್ಳಿ ನೋಡ್ಲಾ ಅಂತ ಮೇಲೆ ಕೆಳಗೆ ಸಾಯ್ತಾವಳೆ. ನಿಮ್ಮಪ್ಪನ ಕೈಯಂತೂ ದಂಡ. ನಂಗೆ ಕಣ್ಣಿಲ್ಲ. ಈ ಮನೇಗೆ ಬೇಕಾಗಿದ್ದ ಕೈನೇ ನೀರಲ್ಲಿ ಅದ್ದಿ ಕೂತಿದ್ದೆಯಲ್ಲೇ, ಕತ್ತೆ!"

ಜಾಜಿ ಅಳತೊಡಗಿದಳು. ಅತ್ತೆ ಅವಳ ಮುಖವನ್ನು ಹುಡುಕಿ ಹಿಡಿದು, ಮೂಗನ್ನು ತಮ್ಮ ಸೆರಗಿನಿಂದ ಒರೆಸಿ, "ನಡಿ, ಮೇಷ್ಟ್ರು ಬೈತಾರೆ" ಎಂದರು.

ಬಾಗಿಲ ಸರಕ್ಕೆ ಪೋಣಿಸಿದ್ದ ತನ್ನ ಉದುರಿದ ಮಿಡಿಯನ್ನು ಅವಳೇ ಬಿಚ್ಚಿದಳು. ನಂಜುಂಡಿ ಸ್ಟೂಲು ಹಿಡಿದುಕೊಂಡರು. ಅವರಿಗೆ ಎಲ್ಲವನ್ನೂ ಹೇಳಿದ ಮೇಲೆ ಅವರು, "ಈಗ್ಲಾದ್ರೂ ಆ ಜರಡಿ ತಗೋ, ನಿಂಗೇ ಅಂತ ಹೆಣ್ದಿದ್ದು" ಎಂದರು ಅಷ್ಟೆ. ಮೇಲ್ಕೇರಿಗೂ ಅವಳೇ ಹೋಗಿ ಬಂದಳು, ನನ್ನನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ. ಆ ಪುಟ್ಟಿಗೆ ಏನು ಹೇಳಿದಳೋ ನನಗೆ ಹೇಳಲಿಲ್ಲ. ಲಕುಮಕ್ಕ ಒಂದೆರಡು ದಿನ ಬೀದಿಯಲ್ಲಿ ಗೊಣಗಿದಳು, ಕುಡಿದ ಪಾಯಸ ಕಕ್ಕೋಕಾಗ್ತದಾ ಎಂದು. ಆಮೇಲೆ ಮಂಡಿನೋವು ಬಂದಾಗ ತನ್ನ ಮಾಳಿಗೆಯಿಂದ ಜಾಜಿಯನ್ನೇ ಕೂಗಿದಳು.

ಎಲ್ಲ ಸರಿಹೋಯಿತು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಅವಳು ಈಗಲೂ ಒಮ್ಮೊಮ್ಮೆ ಊಟದ ನಡುವೆ ತನ್ನ ಬೆರಳನ್ನು ನೋಡಿಕೊಳ್ಳುತ್ತಾಳೆ. ಆಗ ನಾನು ಕೇಳದೆಯೇ ಇನ್ನೊಂದು ತುತ್ತು ಅನ್ನ ಬಡಿಸುತ್ತೇನೆ, ಅವಳು "ಸಾಕು ಅಂದ್ನಲ್ಲ!" ಎಂದು ರೇಗುತ್ತಾಳೆ. ರೇಗಿದರೆ ನನಗೆ ಸಮಾಧಾನ. ನೆಂಟರು ರೇಗುವುದಿಲ್ಲ.

ನಿನ್ನೆ ಸಂಜೆ ಹೂವಿನ ಹೊತ್ತಿಗೆ ನಾನು ಅಭ್ಯಾಸಬಲದಿಂದ ಕೈ ಒರೆಸಿಕೊಂಡು ಹಿತ್ತಿಲಿಗೆ ಹೋದೆ. ಜಾಜಿ ಆಗಲೇ ಅರ್ಧ ಏಣಿ ಹತ್ತಿದ್ದಳು. ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಏಣಿ ಅಲುಗಿತು. ಅವಳು ಮೇಲಿನಿಂದ ಬಗ್ಗಿ ನೋಡಿದಳು.

"ನೀನು ಬರ್ಬೇಡಮ್ಮ."

"ಯಾಕೆ? ಬಳ್ಳಿ ತುಂಬ ಹೂವದೆ, ಇಬ್ಬರೂ ಮುಟ್ಟಿಸಿದ್ರೆ ಬೇಗ ಆಯ್ತದೆ."

"ನೀನೂ ಮುಟ್ಟಿಸಿದ್ರೆ ಯಾವುದು ನಂದು ಅಂತ ಹೆಂಗೆ ಗೊತ್ತಾಗೋದು?" ಎಂದು ಹೇಳಿ ಹತ್ತಿ ಹೋದಳು.

ನಾನು ಕಾಲು ಹಿಂದಕ್ಕೆ ತೆಗೆದು, ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.